ಸೋಲಂಗ್ ಹಿಮದಲ್ಲಿ ಭಾವನ ಇನ್ನೋವಾ

ಮನಾಲಿ ದಾಟಿ ನೆಹರೂ ಕುಂಡ್ ಹತ್ತಿರ ಬಂದಾಗ ಪೊಲೀಸರು ಕೇಳಿದ್ದು ಒಂದೇ ಮಾತು, 'ಫೋರ್ ಬೈ ಫೋರ್?' ಅಂದರೆ ಎಂಜಿನ್ ನಾಲ್ಕೂ ಚಕ್ರಗಳನ್ನು ತಿರುಗಿಸುವ ಗಾಡಿಯೇ ಅಂತ. ನಮ್ಮದಲ್ಲ. ಚಂಡೀಗಢದಲ್ಲಿರುವ ಭಾವನ ಇನ್ನೋವಾ ಕ್ರಿಸ್ಟಾ ಅದು. ಎಂಜಿನ್ ಮುಂದೆ, ಗಾಡಿ ತಳ್ಳುವುದು ಹಿಂದಿನ ಚಕ್ರ. ಹಿಮ ಬೀಳುತ್ತಿರುವಾಗ ಇಂಥ ಗಾಡಿಯನ್ನು ಮುಂದೆ ಬಿಡುವುದಿಲ್ಲ. ಬಿಡದೇ ಇದ್ದದ್ದೇ ಸರಿ ಅನ್ನಿ. 2024ರ ಡಿಸೆಂಬರ್‌ನಲ್ಲಿ ಸೋಲಂಗ್‌ಗೂ ಅಟಲ್ ಸುರಂಗಕ್ಕೂ ಮಧ್ಯೆ ಸಾವಿರದಷ್ಟು ವಾಹನಗಳು ಸಿಕ್ಕಿಹಾಕಿಕೊಂಡಿದ್ದವು.

ಮರುದಿನ ಬಿಸಿಲು ಬಂತು, ರಸ್ತೆಯ ಹಿಮ ತೆಗೆದರು, ನಮ್ಮನ್ನೂ ಬಿಟ್ಟರು. ಹಿಮದಲ್ಲಿ ಜಾರದಂತೆ ಟೈರಿಗೆ ಸುತ್ತುವ ಬಾಡಿಗೆ ಚೈನ್ ತಂದ ಹುಡುಗ ಅದನ್ನು ಹಿಂದಿನ ಚಕ್ರಗಳಿಗೆ ಬಿಗಿದ. ತಳ್ಳುವ ಚಕ್ರಕ್ಕೇ ಹಿಡಿತ ಬೇಕು, ಅಲ್ವಾ? ಹಿಂಬದಿ ಹಗುರವಾಗಿದ್ದರೆ ಆ ಚಕ್ರಗಳು ಸುಮ್ನೆ ತಿರುಗುತ್ತವೆ. ಅದಕ್ಕೇ ಲಗೇಜೆಲ್ಲ ಹಿಂದೆ, ಅದರ ಜೊತೆಗೆ ಕೊನೇ ಸೀಟಿನಲ್ಲಿ ಅಕ್ಕ. 'ನಾನೇನು ಮರಳಿನ ಮೂಟೆನಾ?' ಅಂತ ದಾರಿಯುದ್ದಕ್ಕೂ ಬೈಗುಳ.

ಹತ್ತುವುದು ಕಷ್ಟವಾಗಲಿಲ್ಲ. ಎರಡನೇ ಗೇರ್, ಒಂದೇ ಸಮನೆ ಆಕ್ಸಿಲರೇಟರ್. ಬರಿ ಡಾಂಬರು ಸಿಕ್ಕಾಗ ಚೈನ್ ಬಿಚ್ಚಿದೆವು, ಇಲ್ಲದಿದ್ದರೆ ಚೈನೂ ಹಾಳು, ಟೈರೂ ಹಾಳು. 9.02 ಕಿ.ಮೀ. ಸುರಂಗ ದಾಟಿದರೆ ಲಾಹೌಲ್. 2020ರಲ್ಲಿ ಸುರಂಗ ತೆರೆಯುವವರೆಗೆ ಚಳಿಗಾಲದಲ್ಲಿ ರೋಹ್ತಾಂಗ್ ಘಾಟಿ ಮುಚ್ಚಿದರೆ ಈ ಕಡೆಯ ಊರುಗಳಿಗೆ ತಿಂಗಳುಗಟ್ಟಲೆ ರಸ್ತೆಯೇ ಇರುತ್ತಿರಲಿಲ್ಲ. ಸಿಸ್ಸುವಿನಲ್ಲಿ ಮ್ಯಾಗಿ ತಿಂದು, ಬಿಸಿಲು ಇರುವಾಗಲೇ ಹೊರಟೆವು.

ನಿಜವಾದ ಪರೀಕ್ಷೆ ಇಳಿಜಾರಿನಲ್ಲಿ. ಇಳಿಯುವಾಗ ಭಾರವೆಲ್ಲ ಮುಂದಕ್ಕೆ ಬೀಳುತ್ತದೆ. ಬ್ರೇಕಿನ ಹೆಚ್ಚಿನ ಕೆಲಸ, ತಿರುವಿನ ಕೆಲಸ ಎರಡೂ ಮುಂದಿನ ಚಕ್ರದ್ದು, ಅಲ್ಲಿ ಚೈನ್ ಇಲ್ಲ. ಹಾಗಂತ ಗೇರನ್ನು ದಬಕ್ಕನೆ ಇಳಿಸಿದರೆ ಎಂಜಿನ್ ಹಿಡಿಯುವುದು ಹಿಂದಿನ ಚಕ್ರಗಳನ್ನು ಮಾತ್ರ, ಆಗ ಬಾಲ ಅಡ್ಡ ತಿರುಗುತ್ತದೆ. ಆದ್ದರಿಂದ ಇಳಿಜಾರು ಶುರುವಾಗುವ ಮೊದಲೇ ಕೆಳಗಿನ ಗೇರ್. ಮುಂದಿನ ಗಾಡಿಯಿಂದ ಬಹಳ ದೂರ. 'ಬ್ರೇಕ್ ಮತ್ ಮಾರೋ', ಬ್ರೇಕ್ ಹೊಡೀಬೇಡಿ, ಅಂತ ಚೈನ್ ಹುಡುಗ ಹೇಳಿದ್ದೂ ಇದನ್ನೇ.

ಧುಂಡಿ ಹತ್ತಿರ ನೆರಳಿನ ತಿರುವಿನಲ್ಲಿ ಹಿಂಬದಿ ಎಡಕ್ಕೆ ಜಾರಿತು. ಅಲ್ಲಿ ಡಾಂಬರಿನ ಮೇಲೆ ಕಣ್ಣಿಗೇ ಕಾಣದ ಮಂಜುಗಡ್ಡೆ. ಭಾವ ಬ್ರೇಕ್ ಮುಟ್ಟಲಿಲ್ಲ. ಆಕ್ಸಿಲರೇಟರ್ ಬಿಟ್ಟು, ಕ್ಲಚ್ ಒತ್ತಿ, ಸ್ಟೀರಿಂಗನ್ನು ಎಡಕ್ಕೇ ಸ್ವಲ್ಪ ತಿರುಗಿಸಿದರು. ಗಾಡಿ ನೆಟ್ಟಗಾಯಿತು. ಅಕ್ಕ ಮಾತ್ರ ಮನಾಲಿವರೆಗೂ ಒಂದು ಮಾತೂ ಆಡಲಿಲ್ಲ.

ರಾತ್ರಿ ಕಾರನ್ನು ಸಮತಟ್ಟು ಜಾಗದಲ್ಲಿ ಗೇರಿಗೆ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸಿದೆವು. ಹ್ಯಾಂಡ್‌ಬ್ರೇಕ್ ಎಳೆಯಲಿಲ್ಲ. ಬೆಳಗ್ಗೆ ನೋಡಿದರೆ ಪಕ್ಕದ ಕಾರಿನವರು ಹೆಪ್ಪುಗಟ್ಟಿದ ಹ್ಯಾಂಡ್‌ಬ್ರೇಕ್ ಬಿಡಿಸಲು ಹೋಟೆಲಿನಿಂದ ಬಿಸಿನೀರು ತಂದು ಚಕ್ರಕ್ಕೆ ಸುರಿಯುತ್ತಿದ್ದರು.