ಗರಿಯ ನಡುವೆ ಕೂತ ಅಂಬಿಕೆ

ಜ್ಯೇಷ್ಠ ಶುದ್ಧ ಪಂಚಮಿ ಜೈನರಾದ ನಮಗೆ ಶ್ರುತಪಂಚಮಿ. ಪುಷ್ಪದಂತ, ಭೂತಬಲಿ ಆಚಾರ್ಯರು ನಮ್ಮ ಹಳೆಯ ಸಿದ್ಧಾಂತ ಗ್ರಂಥವಾದ ಷಟ್‌ಖಂಡಾಗಮವನ್ನು ಬರೆದು ಮುಗಿಸಿದ ದಿನ ಅಂತ ನಂಬಿಕೆ. ಅವತ್ತು ಪೂಜೆ ಗ್ರಂಥಗಳಿಗೆ. ಈ ಸಲ ದೊಡ್ಡಮ್ಮನ ಊರಿನ ಬಸದಿಗೆ ಹೋಗಿದ್ದೆ. ಪೂಜೆ ಮುಗಿದ ಮೇಲೆ ಓಲೆಗರಿ ಕಟ್ಟುಗಳ ಹಳೇ ಬಟ್ಟೆ ಬಿಚ್ಚಿ, ಧೂಳು ಒರೆಸಿ, ಹೊಸ ಬಟ್ಟೆ ಸುತ್ತುವ ಕೆಲಸಕ್ಕೆ ನಮ್ಮನ್ನೂ ಕೂರಿಸಿಕೊಂಡರು.

ನನ್ನ ಕೈಗೆ ಬಂದ ಕಟ್ಟಿನಲ್ಲಿ ಬಣ್ಣದ ಚಿತ್ರ ಇರಲಿಲ್ಲ. ಕಂಟದಿಂದ, ಅಂದರೆ ಚೂಪಾದ ಕಬ್ಬಿಣದ ಲೇಖನಿಯಿಂದ, ಕೊರೆದ ಅಕ್ಷರ, ಅದರೊಳಗೆ ಇಳಿದ ಕಪ್ಪು, ಅಷ್ಟೇ. ಆದರೆ ದಾರ ಪೋಣಿಸುವ ತೂತಿನ ಸುತ್ತ ಬರೆದವರು ಒಂಚೂರು ಜಾಗ ಬಿಟ್ಟು, ಅಲ್ಲೊಂದು ಎಂಟು ಎಸಳಿನ ಹೂ ಕೊರೆದಿದ್ದರು. ದಾರ ಉಜ್ಜಿ ಉಜ್ಜಿ ಹೂವಿನ ಒಂದು ಬದಿ ಮಾಸಿಹೋಗಿತ್ತು. ಅಕ್ಷರ ಒಂದೂ ಹೋಗಿರಲಿಲ್ಲ.

"ದೊಡ್ಡಮ್ಮಾ, ಕಟ್ಟಿಟ್ಟರೆ ಯಾರಿಗೂ ಕಾಣಲ್ಲ. ಹೂ ಯಾಕೆ ಬರೆದರು?"

"ಪೂಜೆಗೆ ಕೂರೋ ಮೊದಲು ರಂಗೋಲಿ ಹಾಕಲ್ವಾ? ಹಾಗೆ," ಅಂದರು, ಗರಿಯಿಂದ ಕಣ್ಣೆತ್ತದೆ.

ಆಗ ನೆನಪಾಗಿದ್ದು ಮೂಡುಬಿದಿರೆಯ ಸಿದ್ಧಾಂತ ಬಸದಿಯ ಧವಳ ಗ್ರಂಥಗಳು. ಷಟ್‌ಖಂಡಾಗಮಕ್ಕೆ ವೀರಸೇನರು ಬರೆದು 816ರಲ್ಲಿ ಮುಗಿಸಿದ ಧವಳಾ ಟೀಕೆಯನ್ನು ಹೊಯ್ಸಳರ ಕಾಲದಲ್ಲಿ, 12ನೇ ಶತಮಾನದಲ್ಲಿ, ಹಳೆಗನ್ನಡ ಲಿಪಿಯಲ್ಲಿ ಪ್ರತಿ ಮಾಡಿದ ಗರಿಗಳವು. ಅವುಗಳ ಚಿತ್ರಗಳನ್ನು ನಾನು ಫೋಟೋಗಳಲ್ಲಿ ಎಷ್ಟೋ ಸಲ ನೋಡಿದ್ದೇನೆ. ಮಾವಿನ ಮರದಡಿ ಮಕ್ಕಳ ಜೊತೆ ಕೂತ ನಮ್ಮ ಯಕ್ಷಿ ಅಂಬಿಕೆ, ಪಕ್ಕದಲ್ಲಿ ಸಿಂಹ. ಬಳ್ಳಿ ಸುತ್ತಿಕೊಂಡ ಬಾಹುಬಲಿ. ಹೆಡೆಯ ಕೆಳಗೆ ಪಾರ್ಶ್ವನಾಥ. ಗರಿಯ ಅಗಲವೇ ಕಮ್ಮಿ. ಆ ಇಷ್ಟೇ ಇಷ್ಟು ಜಾಗದಲ್ಲಿ ಕೆಂಪು, ಹಳದಿ ಬಣ್ಣದಲ್ಲಿ ಇಡೀ ದೇವಿಯನ್ನು ಕೂರಿಸಿದ ಕೈಗೆ ಎಂಥ ಹಿಡಿತ ಇದ್ದಿರಬೇಕು!

ಅಲ್ಲೇ ಇರುವ, ಷಟ್‌ಖಂಡಾಗಮದ ಆರನೇ ಖಂಡವಾದ ಮಹಾಬಂಧದ ಪ್ರತಿಯನ್ನು ಬರೆಸಿದವಳು ಮಲ್ಲಿಕಬ್ಬೆ ಎಂಬ ಹೆಣ್ಣುಮಗಳು. ಶ್ರೀಪಂಚಮಿ ನೋಂಪಿಯ, ಅಂದರೆ ವ್ರತದ, ಉದ್ಯಾಪನೆಗೆ ಅದನ್ನು ಬರೆಸಿ ಮಾಘನಂದಿ ಮುನಿಗಳಿಗೆ ದಾನ ಕೊಟ್ಟಳು. ಅದಕ್ಕೂ ಮುಂಚೆ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ 1000 ಪ್ರತಿ ಬರೆಸಿ ಹಂಚಿದ್ದಳಲ್ಲ. ನಮ್ಮಲ್ಲಿ ಅನ್ನ, ಔಷಧದ ಹಾಗೆ ಶಾಸ್ತ್ರವೂ ದಾನವೇ. ನೋಂಪಿ ಮಾಡುವ ದೊಡ್ಡಮ್ಮನಿಗೆ ಇದನ್ನು ಹೇಳಿದಾಗ ಒರೆಸುತ್ತಿದ್ದ ಕೈ ನಿಂತಿತು. "ಹೆಸರು ಇನ್ನೊಂದ್ಸಲ ಹೇಳು," ಅಂದರು.

ಧವಳಾ 1939ರಿಂದ ಹೀರಾಲಾಲ್ ಜೈನ್ ಅವರ ಸಂಪಾದನೆಯಲ್ಲಿ 16 ಸಂಪುಟಗಳಾಗಿ ಅಚ್ಚಾಯಿತು. ಓದುವವರಿಗೆ ಪಠ್ಯ ಸಿಕ್ಕಿತು, ಬಹಳ ದೊಡ್ಡ ಕೆಲಸ. ಚಿತ್ರಗಳ ವಿಷಯದಲ್ಲಿ ಮಾತ್ರ ನನಗೊಂದು ಬೇಸರ ಇದೆ. ಎಷ್ಟೋ ಕಡೆ ಅಂಬಿಕೆಯನ್ನಷ್ಟೇ ಕತ್ತರಿಸಿ ತೋರಿಸುತ್ತಾರೆ. ಅವಳ ಎಡಬಲಕ್ಕೆ ಇರುವ ಸಾಲುಗಳು ಕಾಣುವುದೇ ಇಲ್ಲ. ಆ ಸಾಲುಗಳಿಗಾಗಿಯೇ ಅವಳು ಅಲ್ಲಿ ಕೂತಿರುವುದು. ಗೋಡೆಗೆ ತೂಗುಹಾಕಲಿ ಅಂತ ಯಾರೂ ಅವಳನ್ನು ಬರೆಯಲಿಲ್ಲ.

ನಿಮ್ಮೂರಿನ ಬಸದಿಯಲ್ಲೋ ಮಠದಲ್ಲೋ ಇಂಥ ಕಟ್ಟು ಬಿಚ್ಚಿದಾಗ, ಒಪ್ಪಿಗೆ ಕೊಟ್ಟರೆ ಫೋಟೋ ತೆಗೆದಿಡಿ. ಇಡೀ ಗರಿ ಬರಲಿ. ತೂತು, ದಾರ, ಅಂಚಿನ ಅಂಕಿ, ಎಲ್ಲ ಸಮೇತ.