ಆಯಿಯ ಹೆಬ್ಬೆಟ್ಟು

ಮುಂಬೈ ಹತ್ತಿರದ ಕಲ್ಯಾಣದ ನೋಂದಣಿ ಕಚೇರಿಯಲ್ಲಿ ಅಪ್ಪನ ತಾಯಿ, ನಮ್ಮ ಆಯಿಯ ಹೆಬ್ಬೆಟ್ಟು ಯಂತ್ರಕ್ಕೆ ಸಿಗಲೇ ಇಲ್ಲ. ಎಂಬತ್ತೇಳು ವರ್ಷ, ಕಳೆ ಕಿತ್ತು, ರೊಟ್ಟಿ ಬಡಿದು ಸವೆದ ಬೆರಳು. ಸೆರಗಿನಲ್ಲಿ ಒರೆಸಿ ಇಟ್ಟೆವು, ಒದ್ದೆ ಮಾಡಿ ಇಟ್ಟೆವು. ನಾಲ್ಕನೇ ಸಲಕ್ಕೆ ಬಂತು. ಅಷ್ಟರಲ್ಲಿ ಆಯಿ ನನ್ನ ಕೈ ಹಿಡಿದು ಕೇಳಿದರು, "ನನ್ನ ಮಗನ ಮನಿ ನನಗ ಬ್ಯಾಡ ಅಂತ ನಾ ಯಾಕ ಬರದ ಕೊಡಬೇಕೋ?"

ನನ್ನ ಬಳಿ ಉತ್ತರ ಇರಲಿಲ್ಲ.

ಅಪ್ಪ 1986ರಲ್ಲಿ ಡೊಂಬಿವಲಿಯಲ್ಲಿ ಒಂದು ಪುಟ್ಟ ಮನೆ ಕೊಂಡಿದ್ದರು. ಆಗಿನ್ನೂ ಮದುವೆ ಆಗಿರಲಿಲ್ಲ. ಧಾರವಾಡದ ಕಡೆಯಿಂದ ಬಂದ ಅಣ್ಣತಮ್ಮ ಇಬ್ಬರೂ ಅಲ್ಲೇ ಅಡುಗೆ ಮಾಡಿಕೊಂಡು ಇದ್ದರು, ಹಾಗಾಗಿ ಕಟ್ಟಡದ ಮನೆಯವರ ಸಹಕಾರ ಸಂಘ, ಅಂದರೆ ಸೊಸೈಟಿಯ ಫಾರ್ಮ್‌ನಲ್ಲಿ ನಾಮಿನಿ ಅಂತ ಕಾಕಾನ ಹೆಸರು ಬರೆಸಿದ್ದರು. ಆಮೇಲೆ ಅವ್ವ ಬಂದಳು, ನಾನು ಹುಟ್ಟಿದೆ, ತಂಗಿ ಹುಟ್ಟಿದಳು, ಕಾಕಾ ಬೇರೆ ಮನೆ ಮಾಡಿಕೊಂಡು ಠಾಣೆಗೆ ಹೋದರು. ಬ್ಯಾಂಕಿನಲ್ಲಿ, ವಿಮೆಯಲ್ಲಿ ಎಲ್ಲಾ ಕಡೆ ಅವ್ವನ ಹೆಸರು ಸೇರಿಸಿದ ಅಪ್ಪ ಈ ಒಂದು ಫಾರ್ಮ್ ಮರೆತರು. ಉಯಿಲಂತೂ ಬರೆಯಲೇ ಇಲ್ಲ. 2021ರಲ್ಲಿ ಹೋಗಿಬಿಟ್ಟರು.

ಹದಿನೈದು ದಿನ ಬಿಟ್ಟು ಸೊಸೈಟಿ ಆಫೀಸಿಗೆ ಹೋದರೆ, ನಾಮಿನಿ ಯಾರೋ ಮನೆ ಅವರದ್ದೇ ಅಂದರು. ಅವ್ವ ಅಲ್ಲೇ ಕುರ್ಚಿಯ ಮೇಲೆ ಕುಳಿತುಬಿಟ್ಟಳು. ಆ ಮಾತು ಪೂರ್ತಿ ತಪ್ಪು ಅಂತ ಗೊತ್ತಾಗಿದ್ದು ವಕೀಲರ ಹತ್ತಿರ ಹೋದ ಮೇಲೆ. ನಾಮಿನಿ ಮಾಲೀಕನಲ್ಲ, ವಾರಸುದಾರರ ಪರವಾಗಿ ನೋಡಿಕೊಳ್ಳುವವನು ಅಷ್ಟೇ. ವಿಮೆಯ ವಿಷಯದಲ್ಲಿ ಸುಪ್ರೀಂ ಕೋರ್ಟ್ 1984ರಲ್ಲೇ ಹೀಗೆ ಹೇಳಿದೆ. ಮಹಾರಾಷ್ಟ್ರದ ಸಹಕಾರ ಸಂಘಗಳ ಕಾಯ್ದೆಯಲ್ಲೂ 2019ರ ತಿದ್ದುಪಡಿಯಿಂದ ನಾಮಿನಿ ಬರೀ ತಾತ್ಕಾಲಿಕ ಸದಸ್ಯ. ಆದರೆ ಅಷ್ಟು ಹೊತ್ತಿಗೆ ಕಾಕಾನ ಮಗ "ನಿಮ್ಮ ಹೆಸರೇ ಇದೆಯಲ್ಲ ಅಪ್ಪಾ" ಅಂದಾಗಿತ್ತು. ಎಂಟು ತಿಂಗಳು ಎರಡು ಮನೆಗಳ ನಡುವೆ ಮಾತಿಲ್ಲ. ಗಣಪತಿ ಹಬ್ಬಕ್ಕೂ ಯಾರೂ ಬರಲಿಲ್ಲ.

ವಕೀಲರು ಇನ್ನೊಂದು ಮಾತು ಹೇಳಿದರು, ಅದು ನಮಗೆ ಯಾರಿಗೂ ಹೊಳೆದಿರಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ಉಯಿಲು ಬರೆಯದೆ ಗಂಡಸು ತೀರಿಕೊಂಡರೆ ಅವನ ಸ್ವಂತ ಆಸ್ತಿಯಲ್ಲಿ ಹೆಂಡತಿ, ಮಕ್ಕಳಷ್ಟೇ ಅಲ್ಲ, ತಾಯಿಗೂ ಸಮಪಾಲು. ಅಂದರೆ ಅವ್ವ, ನಾನು, ತಂಗಿ, ಊರಲ್ಲಿರುವ ಆಯಿ, ನಾಲ್ವರಿಗೂ ಕಾಲು ಕಾಲು ಭಾಗ. ಆಯಿಗೆ ಏನಾದರೂ ಆದರೆ ಆ ಕಾಲು ಭಾಗ ಮತ್ತೆ ಒಡೆದು ಕಾಕಾ, ಅತ್ತೆ, ನಾವು ಅಂತ ಹಂಚಿಹೋಗುತ್ತದೆ. ಅದಕ್ಕೇ ಅವಸರ. ರಾತ್ರಿ ರೈಲಿನಲ್ಲಿ ಆಯಿಯನ್ನು ಕರೆದುಕೊಂಡು ಬಂದು, ಆಯಿ, ನಾನು, ತಂಗಿ ಮೂವರೂ ನಮ್ಮ ಪಾಲು ಅವ್ವನಿಗೆ ಬಿಟ್ಟುಕೊಟ್ಟು, ಇಲ್ಲಿಯವರು ಹಕ್ಕಸೋಡ ಪತ್ರ ಅನ್ನುವುದನ್ನು ಬರೆದುಕೊಟ್ಟೆವು.

ಕಾನೂನಿಗೆ ಅದು ಬರೀ ಒಂದು ಕಾಗದ. ಆಯಿಗೆ ಅದು ಮಗನನ್ನು ಇನ್ನೊಂದು ಸಲ ಕಳೆದುಕೊಂಡ ಹಾಗೆ ಅನಿಸಿತು. ಅಪ್ಪ ಬದುಕಿದ್ದಾಗ ಬಿಳಿ ಹಾಳೆಯ ಮೇಲೆ ನಾಲ್ಕು ಸಾಲು ಬರೆದು ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿದ್ದರೆ ಆಯಿ ಆ ಮೆಟ್ಟಿಲು ಹತ್ತಬೇಕಾಗಿರಲಿಲ್ಲ ಅಂತ ನನಗೆ ಅವತ್ತು ಅಪ್ಪನ ಮೇಲೆ ಸಿಟ್ಟು ಬಂತು, ಸತ್ತವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಎಷ್ಟು ಕಷ್ಟ ಅಲ್ವಾ.

ಅವತ್ತು ಕಚೇರಿಗೆ ಕಾಕಾ ತಾವಾಗೇ ಬಂದಿದ್ದರು. ಹಕ್ಕು ಕೇಳಲಿಕ್ಕಲ್ಲ, ತಮ್ಮ ತಾಯಿಯನ್ನು ನೋಡಲಿಕ್ಕೆ. ಆಯಿ ಅಳುವುದನ್ನು ಕಂಡು, ಸೊಸೈಟಿಗೆ ಕೊಡಬೇಕಾದ ಒಪ್ಪಿಗೆ ಪತ್ರಕ್ಕೆ ಅಲ್ಲೇ ನಿಂತು ಸಹಿ ಹಾಕಿದರು.

ಮುಂದಿನ ತಿಂಗಳು ಅವ್ವ ಉಯಿಲು ಬರೆದಳು, ನನಗೂ ತಂಗಿಗೂ ಅರ್ಧರ್ಧ. ಬರೆಯುವ ಮುಂಚೆ ಇಬ್ಬರನ್ನೂ ಕೂರಿಸಿ ಓದಿ ಹೇಳಿದಳು. ನೋಂದಣಿ ಕಡ್ಡಾಯ ಅಲ್ಲ, ಆದರೂ ಮಾಡಿಸಿದೆವು. ಪಾಲಿಲ್ಲದವರು ಸಾಕ್ಷಿ ಆದರೆ ಒಳ್ಳೆಯದು ಅಂದಿದ್ದರು ವಕೀಲರು. ಒಬ್ಬರು ಪಕ್ಕದ ಮನೆಯ ಮರಾಠಿ ಮಾಸ್ತರರು. ಇನ್ನೊಬ್ಬರು ಯಾರು ಅಂದಾಗ ಅವ್ವ ಕಾಕಾನಿಗೆ ಫೋನ್ ಹಚ್ಚಿ, "ನಾಳೆ ಊಟಕ್ಕ ಬರ್ರಿ, ಒಂದು ಸಹಿನೂ ಐತಿ" ಅಂದಳು.