ಗೆಜ್ಜೆ ಬಿಚ್ಚದೆ ಶುಗರ್ ಇಳಿಸುವ ಕತೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ

ಮೊದಲೇ ಹೇಳಿಬಿಡ್ತೇನೆ, ನಾನು ಯಕ್ಷಗಾನ ಮೇಳದ (ವೃತ್ತಿ ತಂಡದ) ಕಲಾವಿದ ಅಲ್ಲ. ಡೊಂಬಿವಲಿಯಲ್ಲಿ ಮನೆ, ಅಂಧೇರಿಯಲ್ಲಿ ಅಕೌಂಟ್ಸ್ ಕೆಲಸ, ಘಾಟ್ಕೋಪರ್‌ವರೆಗೆ ಲೋಕಲ್ ಅಲ್ಲಿಂದ ಮೆಟ್ರೋ, ಹೋಗಿ ಬರ್ಲಿಕ್ಕೇ ದಿನಕ್ಕೆ ಮೂರು ಗಂಟೆ, ಉಳಿದ ಸಮಯದಲ್ಲಿ ತೆಂಕುತಿಟ್ಟು ಯಕ್ಷಗಾನದ ಪುಂಡುವೇಷ, ಅಂದ್ರೆ ಹಾರಿ ಕುಣಿಯುವ ಹುಡುಗರ ಪಾತ್ರ. ವಯಸ್ಸು 41. ಅಭಿಮನ್ಯುವಿಗೆ ಎಷ್ಟು ವಯಸ್ಸು ಅಂತ ಯಾರೂ ಕೇಳ್ಬೇಡಿ.

ಊರಲ್ಲಾದ್ರೆ (ಕರಾವಳಿಯಲ್ಲಿ) ಮೇ ಕೊನೆಯ ಪತ್ತನಾಜೆಗೆ ಮೇಳದವರು ಗೆಜ್ಜೆ ಬಿಚ್ತಾರೆ, ಮಳೆಗಾಲ ರೆಸ್ಟ್. ನಮಗೆ ಇಲ್ಲಿ ಮುಂಬೈಯಲ್ಲಿ ಉಲ್ಟಾ, ಊರಿನ ದೊಡ್ಡ ಕಲಾವಿದರು ಮಳೆಗಾಲದಲ್ಲೇ ಇಲ್ಲಿಗೆ ಬರುವುದು, ಅವರೊಟ್ಟಿಗೆ ನಮ್ಮಂಥ ಹವ್ಯಾಸಿಗಳಿಗೂ ಒಂದೊಂದು ವೇಷ ಸಿಗ್ತದೆ, ಹಾಗಾಗಿ ಜೂನ್ ನಂತರ ಭಾನುವಾರ ಅಂದ್ರೆ ಆಟ (ಯಕ್ಷಗಾನ ಪ್ರದರ್ಶನ). ಡಾಕ್ಟ್ರು "ಸ್ವಲ್ಪ ಸಮಯ ಕುಣಿತ ಬಿಡಿ" ಅಂದದ್ದು ಸರಿಯಾಗಿ ಅದೇ ಸಮಯಕ್ಕೆ. ಬಿಡುವುದಿಲ್ಲ ಅಂತ ಆದ ಮೇಲೆ ಬರೆದಾದ್ರೂ ಇಡುವಾ ಅಂತ ಶುರು ಮಾಡಿದ್ದು ಇದು.

ಜೂನ್ 1

ತೂಕ 84.6. ಬಿಪಿ 138/88. ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) 6.1. 5.7ರಿಂದ 6.4ರ ಒಳಗೆ ಇದ್ರೆ ಪ್ರೀಡಯಾಬಿಟಿಸ್ ಅಂತೆ, 6.5 ಆದ್ರೆ ಶುಗರ್ ಬಂತು ಅಂತ ಲೆಕ್ಕ. ಅಂದ್ರೆ ನಾನು ಗೇಟಿನ ಹೊರಗೆ ನಿಂತು ಕಾಲಿಂಗ್ ಬೆಲ್ ಒತ್ತುತ್ತಾ ಇದ್ದೇನೆ. ಬಲ ಮೊಣಕಾಲಿನ ಗಂಟು ಬೇರೆ, ಸ್ಟೇಷನ್ನಿನ ಬ್ರಿಡ್ಜ್ ಹತ್ತುವಾಗ ಏನೂ ಇಲ್ಲ, ಇಳಿಯುವಾಗ ಚಿಪ್ಪಿನ ಅಡಿಯಲ್ಲಿ ಯಾರೋ ಉಪ್ಪುಕಾಗದ ಉಜ್ಜಿದ ಹಾಗೆ. ಮತ್ತೆ ಟೆಸ್ಟ್ ಮೂರು ತಿಂಗಳು ಬಿಟ್ಟು. ಕೆಂಪು ರಕ್ತಕಣ ಸುಮಾರು 120 ದಿನ ಬದುಕ್ತದಂತೆ, ಮೊದಲೇ ಹೋಗಿ ಕೊಟ್ರೆ ಹಳೇ ಪಾಪವೇ ರಿಪೋರ್ಟಲ್ಲಿ ಬರುವುದು.

ಜೂನ್ 8

ಇವತ್ತು ಆಟದ ದಿನ, ತಿಂದದ್ದೆಲ್ಲ ಮೊಬೈಲಲ್ಲಿ ಬರೆದೆ. ಬೆಳಿಗ್ಗೆ ಇಡ್ಲಿ. ಮಧ್ಯಾಹ್ನ ಗಡಿಬಿಡಿಯಲ್ಲಿ ಅರ್ಧ ಊಟ. ಚೌಕಿಗೆ (ಬಣ್ಣ ಹಚ್ಚಿ ವೇಷ ಕಟ್ಟುವ ಕೋಣೆಗೆ) ಹೋದ ಮೇಲೆ ಒಂದು ವಡಾಪಾವ್, ಗೋಳಿಬಜೆ ನಾಲ್ಕು (ಐದು), ಕಟ್ಟಿಂಗ್ ಚಾ ನಾಲ್ಕು ಸಲ, ಎಲ್ಲದರಲ್ಲೂ ಸಕ್ಕರೆ. ಆಟ ಮುಗಿದು ಬಣ್ಣ ತೆಗೆದು ರಾತ್ರಿ 11.40ಕ್ಕೆ ಊಟ, ಸಂಘದವರು ಪ್ರೀತಿಯಿಂದ ಇಟ್ಟದ್ದು, ಪೂರಿ, ಪಲಾವ್, ಗುಲಾಬ್ ಜಾಮೂನು, ಹೊಟ್ಟೆಗೆ ಆ ಹೊತ್ತಿಗೆ ಹುಲಿ ಬಂದಿರ್ತದೆ, ಎರಡು ಸಲ ಬಡಿಸಿಕೊಂಡೆ. ಮನೆಗೆ ಬಂದು ಮಲಗಿದ್ದು 1.30. ಸೋಮವಾರ 6.10ಕ್ಕೆ ಅಲಾರಾಂ.

ಬರೆದದ್ದನ್ನು ನನ್ನ ಹೆಂಡತಿ ಓದಿ "ನೀರೆಲ್ಲಿ?" ಅಂತ ಕೇಳಿದ್ಳು. ನೋಡ್ತೇನೆ, ಮಧ್ಯಾಹ್ನ ಮೂರರಿಂದ ರಾತ್ರಿ ಹನ್ನೊಂದರವರೆಗೆ ನೀರು ಅಂತ ಒಂದು ಸಾಲೂ ಇಲ್ಲ.

ಜೂನ್ 15

ನೀರಿನ ವಿಷಯ ಸ್ವಲ್ಪ ಬಿಡಿಸಿ ಹೇಳ್ಬೇಕು, ವೇಷ ಹಾಕದವರಿಗೆ ಇದು ಗೊತ್ತಾಗ್ಲಿಕ್ಕಿಲ್ಲ. ಒಮ್ಮೆ ಚಲ್ಲಣ ಹಾಕಿ ಕಚ್ಚೆ ಬಿಗಿದು, ದಗಲೆ, ಎದೆಕಟ್ಟು, ಭುಜಕೀರ್ತಿ ಎಲ್ಲ ಹಗ್ಗದಲ್ಲಿ ಕಟ್ಟಿ ಆಯ್ತು ಅಂದ್ರೆ ಮತ್ತೆ ಬಾತ್‌ರೂಮಿಗೆ ಹೋಗುವ ಪ್ರಶ್ನೆಯೇ ಇಲ್ಲ. ಹೋದ್ರೆ ಅರ್ಧ ಗಂಟೆಯ ಕೆಲಸ ನೀರಿಗೆ ಹೋಯ್ತು, ಕಟ್ಟುವವರು ಬೈಯುವುದು ಬೇರೆ. ಹಾಗಾಗಿ ನಾವೆಲ್ಲ ಕಲಿತ ಉಪಾಯ ಒಂದೇ, ನೀರು ಕುಡಿಯದೇ ಇರುವುದು. ನಮ್ಮ ಗುರುಗಳು ಈಗಲೂ ಹೆಮ್ಮೆಯಲ್ಲಿ ಹೇಳ್ತಾರೆ, "ನಾವೆಲ್ಲ ಬೆಳಗಿನವರೆಗೆ ಒಂದು ಗ್ಲಾಸಲ್ಲಿ ಕುಣಿದವರು ಮಾರಾಯ". ಅವರಿಗೆ ಎರಡು ಸಲ ಕಿಡ್ನಿಯಲ್ಲಿ ಕಲ್ಲಾಗಿತ್ತು ಎಂಬುದನ್ನು ಆ ಕತೆಯಲ್ಲಿ ಹೇಳುವುದಿಲ್ಲ.

ಇವತ್ತು ಬಾತ್‌ರೂಮ್ ತಕ್ಕಡಿಯನ್ನು ಬ್ಯಾಗಲ್ಲಿ ಹಾಕಿ ಚೌಕಿಗೆ ತಗೊಂಡು ಹೋದೆ. ಎಲ್ಲರೂ ನೆಗಾಡಿದ್ರು, ಆಮೇಲೆ ಎಲ್ಲರೂ ಹತ್ತಿ ನೋಡಿದ್ರು. ವೇಷ ಕಟ್ಟುವ ಮೊದಲು ಒಂದು ಚಡ್ಡಿಯಲ್ಲಿ 84.2. ಆಟ ಮುಗಿದು ವೇಷ ಬಿಚ್ಚಿ ಬೆವರು ಒರೆಸಿ ಅದೇ ಅವತಾರದಲ್ಲಿ 82.1. ನಡುವೆ ಕುಡಿದದ್ದು 200 ಎಂಎಲ್ ಆಗ್ಬಹುದು. ಅಂದ್ರೆ ಎರಡು ಗಂಟೆಗೆ ಹತ್ತಿರ ಹತ್ತಿರ 2.3 ಲೀಟರ್ ಬೆವರು. ದೇಹದ ತೂಕದ ನೂರಕ್ಕೆ ಎರಡರಷ್ಟು ನೀರು ಹೋದ್ರೇ ಕೈಕಾಲು ಸೋಲ್ತದೆ ಅಂತ ಸ್ಪೋರ್ಟ್ಸ್‌ನವರಿಗೆ ಹೇಳ್ತಾರಲ್ಲ, ನಂದು ಎರಡೂವರೆ. ಕೊನೇ ಪದ್ಯಕ್ಕೆ ಕಾಲು ಯಾಕೆ ಕೇಳುವುದಿಲ್ಲ, ಆಟ ಮುಗಿದ ಮೇಲೆ ತಲೆನೋವು ಯಾಕೆ ಅಂತ ಇಷ್ಟು ವರ್ಷ ತಲೆಗೆ ಕಟ್ಟುವ ಮುಂದಲೆ ಬಿಗಿ ಆಯ್ತು ಅಂತ ಕಟ್ಟುವವರನ್ನು ಬೈದುಕೊಂಡು ಇದ್ದೆ, ಪಾಪ.

ಹೊಸ ಲೆಕ್ಕ: ಆಟಕ್ಕೆ ಎರಡು ಗಂಟೆ ಮೊದಲು ಅರ್ಧ ಲೀಟರ್, ಬಣ್ಣ ಹಚ್ಚುವಾಗ ಸ್ವಲ್ಪ ಸ್ವಲ್ಪ, ಕಚ್ಚೆಗೆ ಮೊದಲು ಬಾತ್‌ರೂಮ್, ಮತ್ತೆ ಪ್ರತಿ ಪ್ರವೇಶದ ನಡುವೆ ಎರಡು ಗುಟುಕು. ಬೆವರಾಗಿ ಹೋಗುವ ನೀರು ಬಾತ್‌ರೂಮಿಗೆ ಕರೆಯುವುದಿಲ್ಲ, ಇದು ನಂಬ್ಲಿಕ್ಕೆ ನನಗೆ ಎರಡು ಆಟ ಬೇಕಾಯ್ತು.

ಜೂನ್ 29

ಗಂಟಿಗೆ ಫಿಸಿಯೋ. ಮರಾಠಿ ಹೆಂಗಸು, ಯಕ್ಷಗಾನ ನೋಡಿದವರಲ್ಲ. ನಾನು ಎಷ್ಟು ವಿವರಿಸಿದ್ರೂ ಕೊನೆಗೆ ಅವರು ಕೇಳಿದ್ದು ಒಂದೇ, "ಕಿತಿ ವೇಳಾ ಉಡ್ಯಾ ಮಾರತಾ?" ಎಷ್ಟು ಸಲ ಹಾರ್ತೀರಿ ಅಂತ. ಹದಿನೆಂಟು ವರ್ಷದಲ್ಲಿ ಲೆಕ್ಕ ಹಾಕಿದ್ದೇ ಇಲ್ಲ. ಮನೆಗೆ ಬಂದು ಹೋದ ವರ್ಷದ ವಿಡಿಯೋ ಹಾಕಿ ಮಗನನ್ನು ಕೂರಿಸಿದೆ, ಒಂದು ದಿಗಿಣಕ್ಕೆ (ಕುಣಿತದಲ್ಲಿ ಹಾರುವುದಕ್ಕೆ) ಒಂದು ಗೆರೆ. ಒಂದೇ ಪ್ರವೇಶ, 11 ನಿಮಿಷ, 47 ಗೆರೆ. ಮೈಮೇಲಿನ ವೇಷ ಗೆಜ್ಜೆ ಸೇರಿ 7.4 ಕೆಜಿ, ಅದನ್ನೂ ತಕ್ಕಡಿಯಲ್ಲಿ ಇಟ್ಟು ನೋಡಿದ್ದೇನೆ.

ಕ್ಲಿನಿಕ್ಕಿನ ಟೈಲ್ಸ್ ಮೇಲೆ ಒಂದು ದಿಗಿಣ ಹಾಕಿ ತೋರಿಸ್ಲಿಕ್ಕೆ ಹೇಳಿದ್ರು, ಹೊರಗೆ ಕೂತ ಅಜ್ಜಿಯಂದಿರು ಬಾಗಿಲಲ್ಲಿ ಇಣುಕಿದ್ರು. ತಪ್ಪು ಕೂಡ್ಲೇ ಸಿಕ್ಕಿತು. ಇಳಿಯುವಾಗ ನನ್ನ ಬಲ ಮೊಣಕಾಲು ಒಳಗಡೆ ಬಾಗ್ತದೆ, ತೊಡೆಗೂ ಸೊಂಟದ ಪಕ್ಕದ ಸ್ನಾಯುವಿಗೂ ಬಲ ಸಾಲದು, ಭಾರ ಎಲ್ಲ ಚಿಪ್ಪಿನ ಮೇಲೆ. ಹಾಗಾಗಿ ಗೋಡೆಗೆ ಬೆನ್ನು ಕೊಟ್ಟು ಕುರ್ಚಿ ಇಲ್ಲದೆ ಕೂರುವುದು, ಮಲಗಿ ಕಾಲು ನೇರ ಎತ್ತುವುದು, ಒಂದು ಮೆಟ್ಟಿಲಿನಿಂದ ಒಂದೇ ಕಾಲಲ್ಲಿ ನಿಧಾನ ಇಳಿಯುವುದು. ಕನ್ನಡಿ ಎದುರು ಮಾಡ್ಬೇಕು, ಗಂಟು ಬೆರಳಿನ ನೇರಕ್ಕೆ ಇರ್ಬೇಕು. ಇಳಿಯುವಾಗ ಸದ್ದು ಬರಬಾರದು ಅಂದ್ರು. ಗೆಜ್ಜೆ ಕಟ್ಟಿದವನಿಗೆ ಸದ್ದು ಬರಬಾರದು ಅಂದ್ರೆ ಹೇಗೆ, ಆಮೇಲೆ ಅರ್ಥ ಆಯ್ತು, ಗೆಜ್ಜೆಯ ಸದ್ದು ಬೇಕು ಹಿಮ್ಮಡಿಯ ಸದ್ದು ಬೇಡ.

ಇನ್ನೊಂದು ಮಾತು ಹೇಳಿದ್ರು, ಒಂದು ಕೆಜಿ ತೂಕ ಇಳಿದ್ರೆ ನಡೆಯುವಾಗ ಪ್ರತಿ ಹೆಜ್ಜೆಗೆ ಗಂಟಿನ ಮೇಲೆ ಸುಮಾರು ನಾಲ್ಕು ಕೆಜಿ ಭಾರ ಕಮ್ಮಿ. ಗುಲಾಬ್ ಜಾಮೂನು ನೋಡುವಾಗ ಈಗ ಇದೇ ನೆನಪಾಗುವುದು, ಹಾಳಾದ್ದು.

ಜುಲೈ 13

ಲೆಕ್ಕ ಎಲ್ಲ ಹಾಳು. ಕಾರ್ಡಿನಲ್ಲಿ ಆಟ 5ಕ್ಕೆ ಅಂತ ಇತ್ತು. ನಾನು 3ಕ್ಕೆ ಅರ್ಧ ಲೀಟರ್ ಕುಡಿದು, ಬಾತ್‌ರೂಮ್ ಮುಗಿಸಿ, 4.40ಕ್ಕೆ ಕಟ್ಟಿಸಿಕೊಂಡು ರೆಡಿ. ಸಭಾ ಕಾರ್ಯಕ್ರಮ ಶುರುವಾಯ್ತು. ಸ್ವಾಗತ, ದೀಪ, ಪ್ರಸ್ತಾವನೆ, ಸನ್ಮಾನ ಒಂಬತ್ತು ಜನಕ್ಕೆ, ಪ್ರತಿಯೊಬ್ಬರಿಗೂ ಶಾಲು, ಪೇಟ, ಹಾರ, ಹಣ್ಣಿನ ಬುಟ್ಟಿ, ಸನ್ಮಾನ ಪತ್ರ ಪೂರ್ತಿ ಓದಿ ಆಗ್ಬೇಕು. ನನ್ನ ಪ್ರವೇಶ 7.15ಕ್ಕೆ. ಎರಡೂವರೆ ಗಂಟೆ ಬಿಗಿದ ವೇಷದಲ್ಲಿ, ಫ್ಯಾನ್ ಇಲ್ಲದ ಚೌಕಿಯಲ್ಲಿ, ಕೂರ್ಲಿಕ್ಕೂ ಆಗದೆ ಮಲಗ್ಲಿಕ್ಕೂ ಆಗದೆ. ಸನ್ಮಾನ ಬೇಡ ಅಂತ ನಾನು ಹೇಳುವುದಿಲ್ಲ, ಆ ಒಂಬತ್ತು ಜನರ ದುಡ್ಡಿನಿಂದಲೇ ನಮ್ಮ ಆಟ ನಡೆಯುವುದು. ಆದ್ರೆ ಅದು ಆಟದ ನಡುವೆ ಆದ್ರೆ ಎಂತ ತೊಂದರೆ?

ಅವತ್ತು ತೂಕ ನೋಡ್ಲಿಲ್ಲ. ಊಟಕ್ಕೆ ಪೂರಿ ಆರು. ಸಿಟ್ಟಿನಲ್ಲಿ ತಿಂದದ್ದು.

ಒಂದು ಒಳ್ಳೆಯದಾಯ್ತು, ವೇಷ ಕಟ್ಟುವ ಅಣ್ಣ ನನ್ನ ಅವಸ್ಥೆ ನೋಡಿ, "ಇನ್ನು ನಿಮ್ಮನ್ನು ಕೊನೆಗೆ ಕಟ್ತೇನೆ, ವಂದನಾರ್ಪಣೆ ಕೇಳಿದ ಮೇಲೆ" ಅಂದ್ರು. ಅವರಿಗೆ ಇದು ಸುಲಭ ಅಲ್ಲ, ಯಾರ ಪ್ರವೇಶ ಮೊದಲು ಅನ್ನುವ ಕ್ರಮದಲ್ಲಿ ಕಟ್ಟುವುದು ಅವರ ಪದ್ಧತಿ.

ಜುಲೈ 27

ಆಫೀಸಲ್ಲಿ ರಿಟರ್ನ್ ಫೈಲಿಂಗ್, ಮಳೆಗೆ ಎರಡು ದಿನ ಲೋಕಲ್ ಲೇಟು. ವ್ಯಾಯಾಮ ವಾರಕ್ಕೆ ಎರಡೇ ದಿನ. ತೂಕ 83.0.

ಆಗಸ್ಟ್ 10

ಗಂಟಿಗೆ ರೆಸ್ಟ್ ಕೊಡುವಾ ಅಂತ ವೇಷ ಬಿಟ್ಟು ಮಾಟುಂಗದಲ್ಲಿ ತಾಳಮದ್ದಳೆಗೆ ಕೂತೆ. ಕುಣಿತ ಇಲ್ಲ, ಬಣ್ಣ ಇಲ್ಲ, ಶಾಲು ಹಾಕಿ ಕೂತು ಮಾತಾಡುವುದು, ಆರೋಗ್ಯಕ್ಕೆ ಇದಕ್ಕಿಂತ ಒಳ್ಳೇದು ಎಂತ ಉಂಟು ಅಂತ ಎಣಿಸಿದ್ದೆ. ನಾಲ್ಕು ಗಂಟೆ ಚಕ್ಕಳಮಕ್ಕಳ ಕೂತು ಎದ್ದಾಗ ಗಂಟು ಮೊದಲಿಗಿಂತ ಜೋರು. ಮಡಚಿದ ಗಂಟಿನ ಚಿಪ್ಪಿನ ಮೇಲೆ ಒತ್ತಡ ಹೆಚ್ಚೇ ಅಂತೆ, ಸಿನಿಮಾ ಥಿಯೇಟರಲ್ಲಿ ಕೂತರೂ ನೋಯುವುದು ಇದೇ ಕಾರಣಕ್ಕೆ. ಮೇಲಿಂದ ಎದುರು ವೇಷದವರು ಅರ್ಥ (ಪಾತ್ರದ ಮಾತು) ಹೇಳುವಾಗ ನಮಗೆ ಚಾ ಬರ್ತಾ ಇರ್ತದೆ. ಸಕ್ಕರೆ ಇಲ್ಲದ ಚಾ ಬೇಕು ಅಂತ ಹೇಳಿದ್ದಕ್ಕೆ ಹಿರಿಯರೊಬ್ರು ಮೈಕ್ ಆನ್ ಇರುವಾಗಲೇ "ಎಂತ, ಶುಗರಾ?" ಅಂತ ಕೇಳಿದ್ರು. ಸಭೆಗೆಲ್ಲ ಗೊತ್ತಾಯ್ತು. ಒಳ್ಳೆಯದೇ ಆಯ್ತು ಬಿಡಿ, ಈಗ ಯಾರೂ ಒತ್ತಾಯ ಮಾಡಿ ಸ್ವೀಟ್ ಹಾಕುವುದಿಲ್ಲ.

ಆಗಸ್ಟ್ 24

ಚೌಕಿಗೆ ಈಗ ನನ್ನದೇ ಬುತ್ತಿ. ಓಆರ್‌ಎಸ್ ಪ್ಯಾಕೆಟ್ ತಗೊಳ್ಳುವಾ ಅಂತಿದ್ದೆ, ಅದರಲ್ಲಿ ಗ್ಲೂಕೋಸ್ ಉಂಟು, ನನ್ನ ರಿಪೋರ್ಟಿಗೆ ಪ್ರತಿ ಭಾನುವಾರ ಅದು ಬೇಕಾ ಅಂತ ಡಾಕ್ಟ್ರಿಗೆ ಕೇಳಿದೆ, ಭೇದಿ ಆದ್ರೆ ಕುಡಿರಿ, ಇದಕ್ಕೆ ಉಪ್ಪು ಹಾಕಿದ ನೀರು ಮಜ್ಜಿಗೆ ಸಾಕು ಅಂದ್ರು. ಹೆಚ್ಚು ಉಪ್ಪು ಬೇಡ, ಬಿಪಿ ಉಂಟು ಅಂತ ಎಚ್ಚರಿಸಿದ್ರು. ಈಗ ಒಂದು ಬಾಟ್ಲಿ ಮಜ್ಜಿಗೆ, ಒಂದು ಬಾಟ್ಲಿ ನೀರು, ಸಂಜೆ ನಾಲ್ಕಕ್ಕೆ ಕುಚ್ಚಲಕ್ಕಿ ಗಂಜಿ ಸ್ವಲ್ಪ, ಹುರುಳಿ ಪಲ್ಯ, ಬೇಯಿಸಿದ ಮೊಟ್ಟೆ ಎರಡು. ರಾತ್ರಿ ಊಟದಲ್ಲಿ ಪಲಾವ್ ಒಂದೇ ಸಲ. ಇಷ್ಟು ಮಾಡಿದ್ದಕ್ಕೆ 11.40ರ ಹುಲಿ ಈಗ ಬೆಕ್ಕಾಗಿದೆ.

ಬಣ್ಣದ ವಿಷಯವೂ ಬರೆದಿಡ್ತೇನೆ. ಮೊದಲೆಲ್ಲ ಮುಖಕ್ಕೆ ಹಚ್ಚುತ್ತಿದ್ದ ಅರ್ದಳ ಅಂದ್ರೆ ಹರಿತಾಳ, ಅದರಲ್ಲಿ ಇರುವುದು ಆರ್ಸೆನಿಕ್. ನಾನು ಕಲಿಯುವಾಗಲೇ ನಮ್ಮ ಗುರುಗಳು ಅದನ್ನು ಬಿಟ್ಟಿದ್ರು. ಗುರುಗಳ ಕಿಡ್ನಿ ಕಲ್ಲಿನ ಬಗ್ಗೆ ನೆಗಾಡಿದೆನಲ್ಲ, ಆ ತಲೆಮಾರಿನವರು ಚರ್ಮದಲ್ಲಿ, ಹೊಟ್ಟೆಯಲ್ಲಿ ಎಂತೆಲ್ಲ ತಡ್ಕೊಂಡು ಕುಣಿದಿರ್ಬಹುದು ಅಂತ ಆಮೇಲೆ ಅನ್ನಿಸ್ತು.

ಗೋಡೆ ಕುರ್ಚಿ: ಜೂನಲ್ಲಿ 20 ಸೆಕೆಂಡಿಗೆ ತೊಡೆ ನಡುಗ್ತಿತ್ತು, ಈಗ 55. ಅಭ್ಯಾಸ ಬಿಲ್ಡಿಂಗಿನ ಪಾರ್ಕಿಂಗಲ್ಲಿ, ಕಾಂಕ್ರೀಟ್ ಮೇಲೆ ಮಗನ ಯೋಗ ಮ್ಯಾಟ್ ಎರಡು ಹಾಸಿ.

ಸೆಪ್ಟೆಂಬರ್ 7

ಅಭಿಮನ್ಯು. ಕಟ್ಟುವ ಅಣ್ಣ ಮಾತಿನಂತೆ ಕೊನೆಗೇ ಕಟ್ಟಿದ್ರು. ಮೊದಲು 81.4, ಆಮೇಲೆ 80.5, ನಡುವೆ ಕುಡಿದದ್ದು 1.2 ಲೀಟರ್, ಬಾತ್‌ರೂಮ್ ನೆನಪೇ ಬರ್ಲಿಲ್ಲ, ತಲೆನೋವೂ ಇಲ್ಲ.

ಆದ್ರೆ ದಿಗಿಣ. 30ಕ್ಕೆ ನಿಲ್ಲಿಸುವುದು ಅಂತ ನಾನು ತೀರ್ಮಾನ ಮಾಡಿ ಹೋದದ್ದು, ತೀರ್ಮಾನ ನಾನೊಬ್ನೇ ಮಾಡಿದ್ದು ತಪ್ಪು. ಚಕ್ರವ್ಯೂಹದ ಪದ್ಯಕ್ಕೆ ಚೆಂಡೆಯವರು ಉರುಳಿಕೆ (ಬಿಡದೆ ಬೀಳುವ ವೇಗದ ಪೆಟ್ಟು) ಕೊಟ್ಟರು, ಸಭೆಯಿಂದ ಶಿಳ್ಳೆ ಬಂತು, ನಾನು ಬಿಡ್ತಿಗೆ (ಕುಣಿತ ಮುಗಿಸುವ ಪೆಟ್ಟು) ಬೇಕು ಅಂತ ಕಣ್ಣಲ್ಲಿ ಹೇಳ್ತೇನೆ, ಅವರು ಅದನ್ನು ಇನ್ನೂ ಬೇಕು ಅಂತ ತಿಳ್ಕೊಂಡು ಇನ್ನೊಂದು ಸುತ್ತು. ಮಗ ಎದುರು ಸಾಲಲ್ಲಿ ಗೆರೆ ಹಾಕ್ತಾ ಕೂತಿದ್ದ. 52. ಚಿಕ್ಕಪ್ರಾಯದಲ್ಲೂ ಅಷ್ಟು ಹಾಕಿರ್ಲಿಕ್ಕಿಲ್ಲ. ಖುಷಿಯೂ ಆಯ್ತು, ಸುಳ್ಳು ಯಾಕೆ ಹೇಳುವುದು.

ಸೋಮವಾರ ಬ್ರಿಡ್ಜ್ ಇಳಿಯುವಾಗ ನೋವು ಉಂಟು, ಆದ್ರೆ ಕಂಬಿ ಹಿಡಿಯುವಷ್ಟು ಇಲ್ಲ.

ಸೆಪ್ಟೆಂಬರ್ 14

ರಿಪೋರ್ಟ್ ಬಂತು. ಎಚ್‌ಬಿಎ1ಸಿ 5.8. ಬಿಪಿ 132/84. ತೂಕ 81.0. ಗೇಟಿನ ಹೊರಗೇ ಇದ್ದೇನೆ, ಬೆಲ್ಲಿನಿಂದ ಕೈ ತೆಗೆದಿದ್ದೇನೆ ಅಷ್ಟೆ. ನಿದ್ದೆಯ ಲೆಕ್ಕ ಮಾತ್ರ ಒಂದಿಂಚೂ ಸರಿ ಆಗ್ಲಿಲ್ಲ, ಆಟದ ರಾತ್ರಿ ನಾಲ್ಕೂವರೆ ಗಂಟೆಯೇ. ಸೋಮವಾರ ಅರ್ಧ ದಿನ ರಜೆ ಕೇಳುವಾ ಅಂದ್ರೆ ವರ್ಷಕ್ಕೆ ಎಷ್ಟು ರಜೆ ಕೊಟ್ಟಾರು.

ಮುಂದಿನ ವೇಷ ನವರಾತ್ರಿಗೆ. ಈ ಸಲ ಮೊದಲೇ ಪದ್ಯ ಹಾಡಿ ಆಟ ನಡೆಸುವ ಭಾಗವತರಿಗೆ ಫೋನ್ ಮಾಡಿದೆ, "ಭಾಗವತ್ರೆ, 30 ದಿಗಿಣ ಆದ ಕೂಡ್ಲೇ ಬಿಡ್ತಿಗೆ ಕೊಡಿ, ನಾನು ಬಲಗೈ ಎದೆಗೆ ಇಡ್ತೇನೆ, ಅದೇ ಸನ್ನೆ." ಅವರು ಸ್ವಲ್ಪ ಹೊತ್ತು ನೆಗಾಡಿ, "ಆಯ್ತು ಮಾರಾಯ, ಆದ್ರೆ ಎಣಿಸುವುದು ಯಾರು? ನಾನು ತಾಳ ಹಾಕ್ಬೇಕಾ, ನಿನ್ನ ದಿಗಿಣ ಲೆಕ್ಕ ಮಾಡ್ಬೇಕಾ?" ಅಂದ್ರು. ಮಗನನ್ನು ಚೆಂಡೆಯವರ ಹಿಂದೆ ಕೂರಿಸುವ ಯೋಚನೆ ಉಂಟು, ಅವನಿಗೆ ಅವತ್ತು ಮರುದಿನ ಯೂನಿಟ್ ಟೆಸ್ಟ್ ಇಲ್ಲದಿದ್ರೆ.